ಹರೆಯದ ಮಕ್ಕಳೂ ಜಾಲತಾಣಗಳೂ

ಕಳೆದ ಆಷಾಢಮಾಸದಲ್ಲಿ ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ ನಡೆದ ಸಂಗತಿಯೊಂದನ್ನು, ಅವರ ಅನುಮತಿಯನ್ನು ಪಡೆದುಕೊಂಡೇ, ವಾಚಕರಿಗೆ ನಿವೇದಿಸುತ್ತೇವೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದು ಉಚಿತವಲ್ಲ. ದಂಪತಿಗಳಿಬ್ಬರೂ ವಿದ್ಯಾವಂತರು, ಮಕ್ಕಳಲ್ಲಿ ಅಕ್ಕರೆಯುಳ್ಳವರು. ಮಗನಿಗೆ 15 ವರ್ಷ. ಒಂದು ರಾತ್ರಿ ಇನ್‌ಸ್ಟಾಗ್ರಾಮಿನಲ್ಲಿ ಅವನ ವಯಸ್ಸಿನವಳೇ ಎಂದು ತೋರುವ ಹುಡುಗಿಯೊಬ್ಬಳ ಹೆಸರಿನಿಂದ ಸ್ನೇಹದ ಮಾತು ಬಂದಿತು. ಎರಡು ದಿನ ಕ್ರಿಕೆಟ್ಟಿನ ವಿಷಯ, ಪರೀಕ್ಷೆಯ ವಿಷಯ. ಮೂರನೆಯ ದಿನ ಆ ಕಡೆಯಿಂದ ನಾಚಿಕೆಗೆಟ್ಟ ಚಿತ್ರವೊಂದು ಬಂದು, ಇವನದೂ ಅಂಥದೊಂದು ಬೇಕೆಂಬ ಬೇಡಿಕೆಯೂ ಬಂದಿತು. ಹುಡುಗನು ಕಳುಹಿದನು. ಐದು ನಿಮಿಷ ಕಳೆಯುವಷ್ಟರಲ್ಲಿ ಹುಡುಗಿಯ ನುಡಿ ಹೋಗಿ ದರೋಡೆಗಾರನ ನುಡಿ ಕಾಣಿಸಿಕೊಂಡಿತು: ಹಣ ಕೊಡದಿದ್ದರೆ ಈ ಚಿತ್ರವು ನಿನ್ನ ಗೆಳೆಯರಿಗೂ ಉಪಾಧ್ಯಾಯರಿಗೂ ಸೋದರತ್ತೆಗೂ ತಲಪುವುದು ಎಂದು. ಅವರೆಲ್ಲರ ಹೆಸರಿನ ಪಟ್ಟಿಯೂ ಜತೆಗಿತ್ತು.

ಹುಡುಗನು 9 ದಿನ ಬಾಯಿ ಬಿಡಲಿಲ್ಲ. ತಾಯಿಯ ಮೊಬೈಲಿನಿಂದ ಆಗ ಐನೂರು, ಈಗ ಸಾವಿರವೆಂದು ಗುಟ್ಟಾಗಿ ಹಣ ಕಳುಹುತ್ತ ಬಂದನು. ಒಬ್ಬಟ್ಟನ್ನು ತಟ್ಟೆಯಲ್ಲಿ ಬಿಟ್ಟೇಳುವವನಲ್ಲ; ಬಿಟ್ಟೇಳತೊಡಗಿದನು. ಕಡೆಗೆ ಒಂದು ನಡುರಾತ್ರಿ ಎದ್ದುಹೋಗಿ ಅಜ್ಜಿಯ ಹಾಸಿಗೆಯ ಬಳಿ ಕುಳಿತು ಅತ್ತು ಎಲ್ಲವನ್ನೂ ಹೇಳಿದನು. ಆಕೆಗೆ ಇನ್‌ಸ್ಟಾಗ್ರಾಮೆಂದರೇನೆಂದು ತಿಳಿಯದು. ಆದರೆ ಆಕೆ ಎಂದೂ ಅವನ ಕೈಯಿಂದ ಮೊಬೈಲನ್ನು ಕಿತ್ತುಕೊಂಡವಳಲ್ಲ. "ನನಗೇಕೆ ಹೇಳಲಿಲ್ಲ?" ಎಂದು ಮರುದಿನ ತಂದೆ ಕೇಳಿದ್ದಕ್ಕೆ ಹುಡುಗನು, "ಹೇಳಿದ್ದರೆ ಫೋನನ್ನು ಮತ್ತೆ ಗೋಡೆಗೆ ಹೊಡೆಯುತ್ತಿದ್ದಿರಿ" ಎಂದನಂತೆ. ಹಿಂದಿನ ವರ್ಷ ಅಂಕಗಳು ಕಡಮೆಯಾದಾಗ ಅವರು ಹಾಗೆ ಮಾಡಿದ್ದುಂಟು. ನಮ್ಮೊಡನೆ ಇದನ್ನು ಹೇಳುವಾಗ ಅವರ ಕಂಠ ಬಿಗಿದುಬಂದಿತು.

ಆ ವಂಚಕನ ಬಂಡವಾಳದಲ್ಲಿ ಚಿತ್ರದ ಪಾಲೆಷ್ಟೋ ತಂದೆಯ ಸಿಟ್ಟಿನ ಪಾಲೂ ಅಷ್ಟೇ ಇದ್ದಿತೆಂದು ನಮಗೆ ತೋರುತ್ತದೆ. ಹುಡುಗನು ಮೊದಲ ರಾತ್ರಿಯೇ ಬಂದು ಹೇಳಿದ್ದರೆ ಅವನ ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತು. ಇಂಥ ಬಲೆಗೆ ಹೆಚ್ಚಾಗಿ ಬೀಳುವವರು 14ರಿಂದ 17 ವರ್ಷದ ಗಂಡುಹುಡುಗರೆಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಎಚ್ಚರಿಕೆ ಕೊಟ್ಟಿದೆ. ನಮ್ಮ ಗೃಹಸ್ಥರಾದರೋ ಹೆಣ್ಣುಮಕ್ಕಳ ಮೊಬೈಲಿಗೆ ಮಾತ್ರ ಕಾವಲಿಟ್ಟು, ಗಂಡುಹುಡುಗನಿಗೆ ಏನಾದೀತೆಂದು ನಿಶ್ಚಿಂತರಾಗಿರುತ್ತಾರೆ. ಹೆಣ್ಣುಮಕ್ಕಳಿಗೆ ಅಪಾಯ ಕಡಮೆಯೆಂದು ಇದರ ಅರ್ಥವಲ್ಲ. ಮದುವೆಮನೆಯಲ್ಲಿ ತೆಗೆಸಿಕೊಂಡ ಸಾಧಾರಣ ಭಾವಚಿತ್ರದ ಮುಖವನ್ನು ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಬೇರೊಂದು ದೇಹಕ್ಕೆ ಅಂಟಿಸುವ ನೀಚರು ಈಗ ಇದ್ದಾರೆ. ಅಲ್ಲಿ ಹುಡುಗಿಯ ತಪ್ಪು ಎಳ್ಳಷ್ಟೂ ಇರುವುದಿಲ್ಲ. ಆದರೂ ಬೈಗುಳ ಮೊದಲು ಅವಳಿಗೇ.

ಈ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದ್ದಿತು. ಇನ್‌ಸ್ಟಾಗ್ರಾಮಿಗೆ ಸೇರಲು 13 ವರ್ಷ ತುಂಬಿರಬೇಕು. ಈ ಹುಡುಗನು 11ನೆಯ ವಯಸ್ಸಿನಲ್ಲಿ ಹಟಮಾಡಿದಾಗ ತಂದೆಯೇ ತಮ್ಮ ಜನ್ಮವರ್ಷವನ್ನು ಬರೆದು ಖಾತೆಯನ್ನು ತೆರೆದುಕೊಟ್ಟಿದ್ದರು. ಹೀಗಾಗಿ ಆ ಸಂಸ್ಥೆಯ ಲೆಕ್ಕದಲ್ಲಿ ಅವನು ನಲವತ್ತು ದಾಟಿದ ಗೃಹಸ್ಥನು! ಇದು ನಗುವ ಮಾತಲ್ಲ. 2024ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ಹರೆಯದವರಿಗೆಂದೇ ಬೇರೊಂದು ಬಗೆಯ ಖಾತೆಯನ್ನು ಕೆಲವು ದೇಶಗಳಲ್ಲಿ ಏರ್ಪಡಿಸಿ, 2025ರ ಫೆಬ್ರವರಿಯಲ್ಲಿ ಅದನ್ನು ನಮ್ಮ ದೇಶಕ್ಕೂ ತಂದಿತು. ಅದರಂತೆ ಖಾತೆಯು ಮೊದಲಿನಿಂದಲೇ ಖಾಸಗಿಯಾಗಿರುತ್ತದೆ. ಪರಿಚಯವಿಲ್ಲದವರು ನೇರವಾಗಿ ಸಂದೇಶ ಕಳುಹುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಕರೆಗಂಟೆಗಳು ಮೌನವಾಗಿರುತ್ತವೆ. 16 ತುಂಬದವರು ಈ ಕಟ್ಟುಗಳನ್ನು ಸಡಿಲಿಸಲು ತಂದೆತಾಯಿಗಳ ಒಪ್ಪಿಗೆ ಬೇಕು. ಆದರೆ ಇದೆಲ್ಲವೂ ಬಹುಮಟ್ಟಿಗೆ ಬರೆದುಕೊಟ್ಟ ಜನ್ಮವರ್ಷವನ್ನು ನಂಬಿ ನಡೆಯತಕ್ಕದ್ದು. ಸುಳ್ಳು ಬರೆಯಿಸಿದ ಮಗುವಿಗೆ ಇದರಲ್ಲಿ ಒಂದೂ ದಕ್ಕುವ ಭರವಸೆಯಿಲ್ಲ. ಈ ಲೇಖನವನ್ನು ಓದುತ್ತಿರುವ ತಾಯಿತಂದೆಯರು ಇಂದೇ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಆ ಒಂದು ಅಂಕೆಯನ್ನು ಪರೀಕ್ಷಿಸಿ ನೋಡಬೇಕೆಂದು ಬಿನ್ನವಿಸುತ್ತೇವೆ. ತಪ್ಪು ಬರೆದವರು ತಾವೇ ಆಗಿದ್ದರೆ ಅದನ್ನು ಮಗುವಿನ ಮುಂದೆ ಒಪ್ಪಿಕೊಳ್ಳಲು ಸಂಕೋಚಪಡಬಾರದು.

ಸರಕಾರಗಳೂ ಕೈಕಟ್ಟಿ ಕುಳಿತಿಲ್ಲ. ಆಸ್ಟ್ರೇಲಿಯಾ ದೇಶದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರು ಇಂಥ ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ನೋಡಿಕೊಳ್ಳುವ ಹೊಣೆಯನ್ನು ಕಂಪೆನಿಗಳ ಮೇಲೆಯೇ ಹೊರಿಸಿದ್ದಾರೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ಪೋಷಕರ ಸಮ್ಮತಿ ಬೇಕೆಂದು ವಿಧಿಸಿತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮನೆತನಕ್ಕೆ ಸೇರಿದ ಡಾಕ್ಟರ್ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಈ ವಿಷಯವಾಗಿ ಒಂದು ಎಚ್ಚರಿಕೆಯ ಪತ್ರವನ್ನು ಹೊರಡಿಸಿದರು. ದಿನಕ್ಕೆ 3 ಗಂಟೆಗೂ ಮೀರಿ ಜಾಲತಾಣಗಳಲ್ಲಿ ಕಳೆಯುವ ಹರೆಯದವರಲ್ಲಿ ಖಿನ್ನತೆ, ಕಳವಳಗಳ ಲಕ್ಷಣಗಳು ಕಾಣುವ ಸಂಭವ ಇಮ್ಮಡಿಯೆಂದು ಅದರಲ್ಲಿದೆ. ಕಾಯಿದೆಗಳು ಬರಲಿ, ಒಳ್ಳೆಯದೇ. ಆದರೆ ನಡುರಾತ್ರಿಯಲ್ಲಿ ಬೆದರಿದ ಹುಡುಗನು ಎದ್ದು ಹೋಗಿ ಯಾರ ಹಾಸಿಗೆಯ ಬಳಿ ಕೂರಬೇಕೆಂಬುದನ್ನು ಯಾವ ಕಾಯಿದೆಯೂ ಗೊತ್ತುಮಾಡಲಾರದು.

ವಿಪತ್ತು ಬಂದೊದಗಿದರೆ ಮಾಡತಕ್ಕುದೇನು? ಮೊದಲು ಹಣ ಕೊಡುವುದನ್ನು ನಿಲ್ಲಿಸಬೇಕು. ಕೊಟ್ಟಷ್ಟೂ ಬೇಡಿಕೆ ಬೆಳೆಯುವುದು. ಗಾಬರಿಯಿಂದ ಸಂಭಾಷಣೆಯನ್ನು ಅಳಿಸಿಬಿಡಬಾರದು. ಬೆದರಿಕೆಯ ಮಾತುಗಳನ್ನೂ ಆ ಖಾತೆಯ ಹೆಸರನ್ನೂ ಹಣ ಹೋದ ವಿವರವನ್ನೂ ತೆರೆಚಿತ್ರ ತೆಗೆದಿಟ್ಟುಕೊಂಡು, ಅನಂತರ ಆ ಖಾತೆಯ ಮೇಲೆ ಜಾಲತಾಣಕ್ಕೇ ದೂರು ಕೊಟ್ಟು ಅದನ್ನು ತಡೆಯಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣವನ್ನು ಕಳ್ಳನು ತೆಗೆದುಕೊಳ್ಳುವ ಮೊದಲೇ ಬ್ಯಾಂಕು ಅದನ್ನು ತಡೆಹಿಡಿಯುವಂತೆ ಸುದ್ದಿ ಮುಟ್ಟಿಸುವ ಏರ್ಪಾಡು ಅದು. ಒಂದೊಂದು ಗಂಟೆಗೂ ಬೆಲೆಯುಂಟು. ನಮ್ಮ ಸ್ನೇಹಿತರಿಗೆ 9 ದಿನ ತಡವಾದ್ದರಿಂದ ಒಂದು ಕಾಸೂ ಮರಳಲಿಲ್ಲ. ಲಿಖಿತ ದೂರನ್ನು ಕೇಂದ್ರ ಸರಕಾರದ ಸೈಬರ್ ಅಪರಾಧ ತಾಣದಲ್ಲಿ ಕೊಡಬಹುದು; ಮಕ್ಕಳ ಸಹಾಯಕ್ಕೆಂದೇ 1098 ಸಂಖ್ಯೆಯಿದೆ. 2012ರ ಪೋಕ್ಸೊ ಕಾಯಿದೆಯು ಗಂಡು ಹೆಣ್ಣೆಂಬ ಭೇದವಿಲ್ಲದೆ 18ರೊಳಗಿನವರೆಲ್ಲರಿಗೂ ರಕ್ಷಣೆ ಕೊಡುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಲಹೆ ಕೇಳುವ ನೆಪದಿಂದ ಆ ಚಿತ್ರವನ್ನು ಚಿಕ್ಕಪ್ಪನಿಗೋ ವಕೀಲರಾದ ನೆಂಟರಿಗೋ ವಾಟ್ಸಾಪಿನಲ್ಲಿ ಕಳುಹಲೇಬಾರದು. ಮಗುವಿನ ಮಾನಕ್ಕೆ ಮತ್ತೊಂದು ಪೆಟ್ಟು ಎಂಬುದು ಹಾಗಿರಲಿ, ಮಕ್ಕಳ ಅಂಥ ಚಿತ್ರವನ್ನು ರವಾನಿಸುವುದೇ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ವಿಧಿಯಂತೆ ಅಪರಾಧ. ಚಿತ್ರವು ಹರಡುವುದನ್ನು ತಡೆಯಲು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಆರಂಭಿಸಿದ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯುಂಟು. ಅಲ್ಲಿಗೆ ಚಿತ್ರವನ್ನು ಕಳುಹಬೇಕಾಗಿಲ್ಲ. ನಮ್ಮ ಮೊಬೈಲಿನೊಳಗೇ ಅದರದೊಂದು ಅಂಕಿಗಳ ಗುರುತು, ಬೆರಳಚ್ಚಿನಂಥದು, ಸಿದ್ಧವಾಗಿ ಅದು ಮಾತ್ರ ಹೋಗುತ್ತದೆ. ಸೇವೆಯಲ್ಲಿ ಭಾಗಿಗಳಾದ ಜಾಲತಾಣಗಳು ಆ ಗುರುತನ್ನು ಹಿಡಿದು ಚಿತ್ರವನ್ನು ತಡೆಯುತ್ತವೆ. ಹೆಸರು ಹೇಳಬೇಕಾದ ಅಗತ್ಯವೂ ಇಲ್ಲ.

ಮಗುವಿನ ಮನಸ್ಸು ಕುಗ್ಗಿದಂತೆ ಕಂಡರೆ 14416 ಸಂಖ್ಯೆಯ ಟೆಲಿ ಮಾನಸ್ ಇದೆ. ಮೊಬೈಲಿನ ಚಟವೇ ಅತಿಯಾದವರಿಗೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಸ್ನೇಹಿತರು ಈಗ ಮನೆಯಲ್ಲಿ ಎರಡು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ಎಲ್ಲರ ಮೊಬೈಲುಗಳೂ ನಡುಮನೆಯ ಗೂಡಿನಲ್ಲಿ ಮಲಗತಕ್ಕದ್ದು, ತಂದೆಯದೂ ಅಲ್ಲಿಯೇ. (ಮೊದಲ ವಾರದಲ್ಲಿ ಈ ಕಟ್ಟನ್ನು ಎರಡು ಸಲ ಮುರಿದವರು ತಂದೆಯೇ ಎಂದು ಅವರ ಪತ್ನಿ ನಮಗೆ ತಿಳಿಸಿದರು.) ಎರಡನೆಯದು, ಮಗನು ಏನನ್ನೇ ಬಂದು ಹೇಳಿದರೂ ಆ ದಿನ ಮೊಬೈಲನ್ನು ಕಿತ್ತುಕೊಳ್ಳತಕ್ಕದ್ದಲ್ಲ, ಕೂಗಾಡತಕ್ಕದ್ದಲ್ಲ, ದಂಡನೆಯ ಮಾತೇನಿದ್ದರೂ ವಾರ ಕಳೆದ ಮೇಲೆ. ಇದನ್ನು ತಂದೆ ಕಾಗದದಲ್ಲಿ ಬರೆದು ರುಜು ಹಾಕಿ ಮಗನ ಕೈಗೆ ಕೊಟ್ಟಿದ್ದಾರೆ. ಬರಿಯ ಬಾಯಿಮಾತನ್ನು ಹುಡುಗನು ನಂಬಲು ಸಿದ್ಧನಿರಲಿಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಾರೆ.

ಮೊನ್ನೆ ಯುಗಾದಿಯಂದು ನಾವು ಅವರಲ್ಲಿಗೆ ಹೋಗಿದ್ದಾಗ ಹುಡುಗನು ಜಗುಲಿಯಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದನು. ಮೊಬೈಲನ್ನು ಆಕೆಯ ಕಣ್ಣಿನ ಹತ್ತಿರಕ್ಕೆ ಹಿಡಿದು, "ನೋಡಜ್ಜಿ, ಇನ್ಯಾರೋ ಸ್ನೇಹ ಬೇಕೆನ್ನುತ್ತಿದ್ದಾರೆ" ಎಂದನು. ಆಕೆ ಕನ್ನಡಕವನ್ನು ಸರಿಮಾಡಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಯಾರ ಮನೆ ಹುಡುಗಿಯೋ ಇವಳು?" ಎಂದು ಕೇಳಿದಳು. ಗೊತ್ತಿಲ್ಲವೆಂದು ಹುಡುಗನು ನಕ್ಕು, ಅದನ್ನು ತೆಗೆದುಹಾಕಿ, ಬೇವುಬೆಲ್ಲದ ಬಟ್ಟಲನ್ನು ನಮ್ಮ ಕಡೆಗೆ ಸರಿಸಿದನು.