ಸ್ವಸಮ್ಮೋಹನ: ಮಾಟವಲ್ಲ, ಮನಸ್ಸಿಗೊಂದು ಅಭ್ಯಾಸ

ಕೋಪದ ಕೆಡುಕಿನ ಬಗ್ಗೆ ಖತೀಬರು ಜುಮಾ ಖುತ್ಬಾದಲ್ಲಿ ಹೇಳುವಾಗ ನಮ್ಮೆಲ್ಲರ ತಲೆ ತಗ್ಗುತ್ತದೆ. ಇನ್ನು ಮಕ್ಕಳ ಮೇಲೆ ರೇಗುವುದಿಲ್ಲ, ಸಿಗರೇಟು ಮುಟ್ಟುವುದಿಲ್ಲ ಎಂದು ಮಸೀದಿಯಲ್ಲೇ ನಿರ್ಧರಿಸುತ್ತೇವೆ. ಮಗ್ರಿಬ್ ಆಗುವಷ್ಟರಲ್ಲಿ ಅದೇ ರೇಗಾಟ, ಅದೇ ಸಿಗರೇಟು. ನಮ್ಮ ನಿಯ್ಯತ್ ಸುಳ್ಳಾಗಿರಲಿಲ್ಲ. ಆದರೆ ಹಳೆಯ ಅಭ್ಯಾಸವು ನಾವು ಯೋಚಿಸುವ ಮೊದಲೇ ಕೈಯನ್ನೂ ನಾಲಿಗೆಯನ್ನೂ ಎಳೆದೊಯ್ದಿರುತ್ತದೆ.

ಇಂತಹ ಅಭ್ಯಾಸಗಳನ್ನು ತಿದ್ದಲು 'ಸೆಲ್ಫ್ ಹಿಪ್ನಾಸಿಸ್', ಅಂದರೆ ಸ್ವಸಮ್ಮೋಹನ, ನೆರವಾಗುತ್ತದೆ ಎಂದು ಮೊಬೈಲ್ ವೀಡಿಯೊಗಳಲ್ಲಿ ಹೇಳುವುದನ್ನು ನಮ್ಮ ಮನೆಗಳಲ್ಲೂ ನೋಡುತ್ತಾರೆ. ಇದು ಮಾಟ, ವಶೀಕರಣದ ಜಾತಿಯದಲ್ಲವೇ ಎಂಬ ಅಳುಕೂ ಇದೆ. ಆದ್ದರಿಂದ ಇದರ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಏನಿದು?

1841ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯರು ಸಮ್ಮೋಹನದ ಒಂದು ಪ್ರದರ್ಶನ ನೋಡಿದರು. ಸಮ್ಮೋಹನ ಮಾಡುವವನ ದೇಹದಿಂದ ಯಾವುದೋ ಕಾಂತಶಕ್ತಿ ಹರಿಯುತ್ತದೆಂದು ಆಗ ಜನ ನಂಬಿದ್ದರು. ಬ್ರೇಡ್ ಮನೆಗೆ ಬಂದು ತನ್ನ ಹೆಂಡತಿ, ಸ್ನೇಹಿತ ಮತ್ತು ಕೆಲಸದವನಿಗೆ ಒಂದು ವಸ್ತುವನ್ನೇ ದಿಟ್ಟಿಸಿ ನೋಡಲು ಹೇಳಿದರು. ಅವರಲ್ಲೂ ಅದೇ ಸ್ಥಿತಿ ಉಂಟಾಯಿತು. ಇದಕ್ಕೆ ಕಾರಣ ಹೊರಗಿನ ಶಕ್ತಿಯಲ್ಲ, ಆ ವ್ಯಕ್ತಿಯದೇ ಏಕಾಗ್ರತೆ ಎಂದು ಅವರು ಕಂಡುಕೊಂಡರು. ಬಳಿಕ ಅದನ್ನು ತಮ್ಮ ಮೇಲೂ ಪ್ರಯೋಗಿಸಿದರು. 'ಹಿಪ್ನಾಸ್' ಎಂದರೆ ಗ್ರೀಕ್‌ನಲ್ಲಿ ನಿದ್ರೆ. ಆದರೆ ಇದು ನಿದ್ರೆಯಲ್ಲ. ಎಚ್ಚರವಿದ್ದೇ ಗಮನವನ್ನು ಒಂದು ಕಡೆ ನಿಲ್ಲಿಸುವುದು. 1955ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಚಿಕಿತ್ಸೆಯಲ್ಲಿ ಇದರ ಉಪಯೋಗವನ್ನು ಒಪ್ಪಿಕೊಂಡಿತು.

ಧಾರ್ಮಿಕ ದೃಷ್ಟಿ

ಸಮ್ಮೋಹನದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಜಿನ್ನ್‌ಗಳ ನೆರವು ಕೇಳುವುದು, ಇನ್ನೊಬ್ಬರ ಬುದ್ಧಿಯನ್ನು ವಶಪಡಿಸುವುದು, ಅದೃಶ್ಯ ವಿಷಯ ಹೇಳುವುದು ಇವೆಲ್ಲ ನಿಷಿದ್ಧ. ಈ ಕಾರಣಕ್ಕೆ ಕೆಲವು ವಿದ್ವಾಂಸರು ಸಮ್ಮೋಹನವನ್ನೇ ತಡೆದಿದ್ದಾರೆ. ಚಿಕಿತ್ಸೆಯ ಮಟ್ಟಿಗೆ ಅನುಮತಿಸಿದವರೂ ಇದ್ದಾರೆ. ನಾವು ಇಲ್ಲಿ ಹೇಳುತ್ತಿರುವುದು ಕಣ್ಣು ಮುಚ್ಚಿ, ಮೈ ಸಡಿಲಿಸಿ, ತನ್ನ ಮನಸ್ಸಿಗೆ ತಾನೇ ಒಳ್ಳೆಯ ಮಾತು ಹೇಳಿಕೊಳ್ಳುವ ಅಭ್ಯಾಸ ಮಾತ್ರ. ಆದರೂ ಸಂದೇಹವುಳ್ಳವರು ತಮ್ಮ ಉಸ್ತಾದರನ್ನು ಕೇಳಿ ಮುಂದುವರಿಯಲಿ.

ಇನ್ನೊಂದು ವಿಷಯ ಸ್ಪಷ್ಟವಿರಲಿ. ನಮಾಝ್ ಮತ್ತು ದ್ಸಿಕ್ರ್ ಇಬಾದತ್‌ಗಳು. ಅಲ್ಲಾಹನ ಸ್ಮರಣೆಯಿಂದ ಹೃದಯಗಳಿಗೆ ನೆಮ್ಮದಿ ಸಿಗುತ್ತದೆಂದು ಸೂರಃ ಅರ್ರಅ್‌ದ್ ತಿಳಿಸುತ್ತದೆ. ಸ್ವಸಮ್ಮೋಹನ ಅದರ ಸ್ಥಾನಕ್ಕೆ ಬರುವಂಥದ್ದಲ್ಲ. ಬೆಳಗ್ಗೆ ವಾಕಿಂಗ್ ಹೋಗುವಂತೆ ಇದೂ ಒಂದು ವ್ಯಾಯಾಮ, ಅಷ್ಟೇ.

ಮನೆಯಲ್ಲಿ ಮಾಡುವ ಕ್ರಮ

ಇಶಾ ನಮಾಝಿನ ಬಳಿಕ ಹದಿನೈದು ನಿಮಿಷ ಸಾಕು. ಮೊಬೈಲ್ ಬೇರೆ ಕೋಣೆಯಲ್ಲಿಡಿ.

1. ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ.

2. ಬೆನ್ನಿಗೆ ಆಸರೆ ಕೊಟ್ಟು ಕುಳಿತು ಕಣ್ಣು ಮುಚ್ಚಿ. ನಿಧಾನವಾಗಿ ಉಸಿರೆಳೆದು, ಎಳೆದುದಕ್ಕಿಂತಲೂ ನಿಧಾನವಾಗಿ ಬಿಡಿ.

3. ಪಾದದಿಂದ ಹಣೆಯವರೆಗೆ ಒಂದೊಂದೇ ಅಂಗವನ್ನು ಬಿಗಿಮಾಡಿ ಸಡಿಲಬಿಡಿ. ದವಡೆ ಮತ್ತು ಹೆಗಲನ್ನು ಮರೆಯಬೇಡಿ. ದಿನದ ಸಿಟ್ಟೆಲ್ಲ ಅಲ್ಲೇ ಕೂತಿರುತ್ತದೆ.

4. ಹತ್ತರಿಂದ ಒಂದರವರೆಗೆ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿ. ಮನಸ್ಸು ಎಲ್ಲಿಗೋ ಹೋದರೆ ಬೇಸರಿಸದೆ ಮರಳಿ ಎಣಿಕೆಗೆ ತನ್ನಿ.

5. ಈಗ ಮನಸ್ಸಿಗೆ ಹೇಳಬೇಕಾದ ಮಾತನ್ನು ನಾಲ್ಕೈದು ಬಾರಿ ಹೇಳಿ. ಮಾತು ಚಿಕ್ಕದಿರಲಿ, ಮಾಡಬೇಕಾದುದನ್ನು ಹೇಳುವಂತಿರಲಿ. 'ಸಿಗರೇಟು ಸೇದುವುದಿಲ್ಲ' ಎಂದರೆ ಮನಸ್ಸಿಗೆ ಮೊದಲು ನೆನಪಾಗುವುದು ಸಿಗರೇಟೇ. ಅದರ ಬದಲು, 'ಊಟ ಮುಗಿದೊಡನೆ ಬಾಯಿ ಮುಕ್ಕಳಿಸಿ ಮಿಸ್ವಾಕ್ ಮಾಡುತ್ತೇನೆ, ಇನ್ ಶಾ ಅಲ್ಲಾಹ್' ಎನ್ನಿ. ನಾಳೆಯ ಕೆಲಸದ ಬಗ್ಗೆ ಮಾತನಾಡುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಬೇಕೆಂದು ಸೂರಃ ಅಲ್‌ಕಹ್ಫ್ ನಮಗೆ ಕಲಿಸಿದೆ.

6. ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಮಗು ಹಾಲಿನ ಲೋಟ ಉರುಳಿಸಿದೆ. ನೀವು ಕೂಗುವ ಬದಲು ಕುಳಿತುಕೊಳ್ಳುತ್ತೀರಿ, ಬಟ್ಟೆ ತೆಗೆದುಕೊಂಡು ನೆಲ ಒರೆಸುತ್ತೀರಿ. ಕೋಪ ಬಂದಾಗ ನಿಂತವನು ಕುಳಿತುಕೊಳ್ಳಲಿ, ಆಗಲೂ ಹೋಗದಿದ್ದರೆ ಮಲಗಲಿ ಎಂದು ಪ್ರವಾದಿ(ಸ) ಹೇಳಿದ ಹದೀಸ್ ಅಬೂದಾವೂದ್‌ನಲ್ಲಿದೆ. ಈ ಸುನ್ನತ್ ಕೋಪದ ಗಳಿಗೆಯಲ್ಲಿ ನೆನಪಾಗುವುದು ಕಷ್ಟ. ಶಾಂತವಾಗಿರುವಾಗ ಮನಸ್ಸಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದರೆ ಅದು ಬೇಗ ಒದಗುತ್ತದೆ.

7. ಒಂದರಿಂದ ಐದರವರೆಗೆ ಎಣಿಸಿ ಕಣ್ಣು ತೆರೆಯಿರಿ. ನಂತರ ವುಝೂ ಮಾಡಿ, ಹಝ್ರತ್ ಫಾತಿಮಾ(ರ)ರಿಗೆ ಪ್ರವಾದಿ(ಸ) ಕಲಿಸಿದ 33, 33, 34ರ ತಸ್ಬೀಹ್ ಹೇಳಿ ಬಲಮಗ್ಗುಲಲ್ಲಿ ಮಲಗಿ.

ಎಚ್ಚರವಿರಲಿ

ಒತ್ತಡ, ಆತಂಕ ಮತ್ತು ನೋವು ತಗ್ಗಲು ಸಮ್ಮೋಹನ ಅನೇಕರಿಗೆ ನೆರವಾಗುತ್ತದೆ. ಸಿಗರೇಟು ಬಿಡಿಸುವಲ್ಲಿ ಮಾತ್ರ ಅದರ ಪರಿಣಾಮಕ್ಕೆ ಗಟ್ಟಿ ಪುರಾವೆ ಸಾಲದು. ಆ ಚಟ ಬಲವಾಗಿದ್ದವರು ವೈದ್ಯರ ಸಹಾಯವನ್ನೂ ಪಡೆಯಬೇಕು. ಖಿನ್ನತೆ, ಅಪಸ್ಮಾರ ಅಥವಾ ತೀವ್ರ ಮಾನಸಿಕ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಔಷಧವನ್ನಂತೂ ತಾವಾಗಿ ನಿಲ್ಲಿಸಲೇಬಾರದು. ವಾಹನ ಓಡಿಸುವಾಗ ಇಂಥ ಧ್ವನಿಮುದ್ರಿಕೆ ಕೇಳುವುದು ಅಪಾಯ. ಸಮ್ಮೋಹನದಲ್ಲಿ 'ಪೂರ್ವಜನ್ಮ' ತೋರಿಸುತ್ತೇವೆ ಎನ್ನುವವರ ಬಳಿ ಸುಳಿಯಬೇಡಿ. ಅದು ನಮ್ಮ ಈಮಾನಿಗೆ ವಿರುದ್ಧ. ಅಂಥ ಸ್ಥಿತಿಯಲ್ಲಿ ಬರುವ ನೆನಪುಗಳು ನಂಬಲರ್ಹವೂ ಅಲ್ಲ.

ಒಂದು ವಾರದಲ್ಲಿ ಪವಾಡ ನಡೆಯದು. ಮಧ್ಯೆ ಒಂದು ದಿನ ಮತ್ತೆ ರೇಗಿದರೆ ಮಗುವನ್ನು ಹತ್ತಿರ ಕರೆದು ಸಮಾಧಾನಪಡಿಸಿ, ತೌಬಾ ಮಾಡಿ, ರಾತ್ರಿ ಮತ್ತೆ ಕುಳಿತುಕೊಳ್ಳಿ. ಜನರು ತಮ್ಮೊಳಗಿರುವುದನ್ನು ಬದಲಿಸುವ ತನಕ ಅಲ್ಲಾಹನು ಅವರ ಸ್ಥಿತಿಯನ್ನು ಬದಲಿಸುವುದಿಲ್ಲವೆಂದು ಕುರ್‌ಆನ್ ನಮ್ಮನ್ನು ಎಚ್ಚರಿಸಿದೆ. ಪ್ರಯತ್ನ ನಮ್ಮದು, ತೌಫೀಕ್ ಅವನದು. ಜುಮಾದಂದು ಮಾಡಿದ ನಿರ್ಧಾರವನ್ನು ಮುಂದಿನ ಜುಮಾದವರೆಗೂ ಉಳಿಸಿಕೊಳ್ಳುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.