ಹಗ್ಗ ನೈಲಾನಿನದ್ದೇ? ನೀರಿಗೆ ಹಾಕಿ ನೋಡಿ

ಕಳೆದ ಬೇಸಗೆಯಲ್ಲಿ ಬಾವಿಯ ಕೆಸರು ತೆಗೆಸುತ್ತಿದ್ದೆವು. ಕೆಸರು ತುಂಬಿದ ಬುಟ್ಟಿ ಅರ್ಧ ಮೇಲೆ ಬಂದಾಗ ಹಗ್ಗ ತುಂಡಾಯಿತು. ಕೆಳಗಿದ್ದವರು ಬದಿಗೆ ಸರಿದು ನಿಂತಿದ್ದ ಕಾರಣ ಬಚಾವ್. ಬೆಳಗ್ಗೆ ಅದೇ ಹಗ್ಗದಲ್ಲಿ ಅವರನ್ನು ಇಳಿಸಿದ್ದೆವು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಹಗ್ಗಕ್ಕೆ ಎರಡೇ ವರ್ಷ. "ನೈಲಾನ್, ಏನೂ ಆಗೋದಿಲ್ಲ" ಅಂತ ಅಂಗಡಿಯವರು ಕೊಟ್ಟದ್ದು. ತಪ್ಪು ನನ್ನದೂ ಇದೆ. ಎರಡು ಬೇಸಗೆ ಅದನ್ನು ಬಾವಿಕಟ್ಟೆಯಲ್ಲೇ ಬಿಟ್ಟಿದ್ದೆ. ತುಂಡಾದಲ್ಲಿ ಉಜ್ಜಿದರೆ ಎಳೆಗಳು ಹುಡಿಹುಡಿ.

ಹೈಸ್ಕೂಲಿಗೆ ಹೋಗುವ ಮಗಳು ಒಂದು ತುಂಡನ್ನು ಬಾಲ್ದಿ ನೀರಿನಲ್ಲಿ ಹಿಂಡಿ, ಗಾಳಿ ಬಿಡಿಸಿ ಬಿಟ್ಟಳು. ತೇಲಿತು. "ಅಪ್ಪಾ, ಇದು ನೈಲಾನ್ ಅಲ್ಲ. ನೈಲಾನ್ ಮುಳುಗ್ತದೆ" ಅಂದಳು.

ಅವಳ ಪಾಠದ ಪ್ರಕಾರ ಇವೆಲ್ಲ ಪಾಲಿಮರ್‌ಗಳು. ಮಣಿ ಪೋಣಿಸಿದ ಸರದ ಹಾಗೆ ಸಣ್ಣ ಅಣುಗಳು ಸಾವಿರಗಟ್ಟಲೆ ಸೇರಿದ ಉದ್ದದ ಸರ. ಮಣಿ ಬೇರೆಯಾದರೆ ಗುಣವೂ ಬೇರೆ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಯಾರಿಸಿದ್ದು ನೈಲಾನ್. ಇದರ ಸರಗಳು ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸಾಂದ್ರತೆ ಸುಮಾರು 1.14, ನೀರಿಗಿಂತ ಭಾರ. ನಮ್ಮ ಹಗ್ಗ ಪಾಲಿಪ್ರೊಪಿಲೀನ್ ಇರಬೇಕು. ಅದರಲ್ಲಿರುವುದು ಇಂಗಾಲ, ಜಲಜನಕ ಮಾತ್ರ. ಸಾಂದ್ರತೆ 0.9 ಆಸುಪಾಸು, ಹಾಗಾಗಿ ತೇಲುತ್ತದೆ.

ಪಾಲಿಪ್ರೊಪಿಲೀನ್ ಕೆಟ್ಟದ್ದೇನಲ್ಲ. ಅಗ್ಗ, ನೀರಿಗೆ ಕೊಳೆಯುವುದಿಲ್ಲ. ಆದರೆ ರಕ್ಷಕ ವಸ್ತು ಬೆರೆಸದಿದ್ದರೆ ಬಿಸಿಲು ಅದಕ್ಕೆ ವೈರಿ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಸರವನ್ನು ಅಲ್ಲಲ್ಲಿ ಕಡಿಯುತ್ತವೆ. ಹೊರಗಿಂದ ನೋಡಿದರೆ ಹಗ್ಗ ಹಗ್ಗವೇ. ಒಳಗೆ ಬಲ ಇಲ್ಲ. ನೈಲಾನ್ ಕೂಡ ಬಿಸಿಲಿಗೆ ಸೋಲುತ್ತದೆ, ಆದರೆ ನಿಧಾನ. ತೋಟದ ಕಪ್ಪು ಎಚ್‌ಡಿಪಿಇ ಪೈಪು ಬಿಸಿಲಿನಲ್ಲಿ ಬಾಳುವುದೂ ಇದೇ ಲೆಕ್ಕದಲ್ಲಿ: ಅದಕ್ಕೆ ಬೆರೆಸಿದ ಶೇ. 2-3ರಷ್ಟು ಮಸಿಪುಡಿ ಆ ಕಿರಣಗಳನ್ನು ಹೀರಿಕೊಳ್ಳುತ್ತದೆ.

ಈಗ ನಾನು ಹೊಸ ಹಗ್ಗದ ತುಂಡನ್ನು ನೀರಿಗೆ ಹಾಕಿ ನೋಡುತ್ತೇನೆ. ತೇಲಿದರೆ ನೈಲಾನ್ ಅಲ್ಲ. ಮುಳುಗಿದ ಮಾತ್ರಕ್ಕೆ ನೈಲಾನ್ ಎಂದೂ ಅಲ್ಲ, ಪಾಲಿಯೆಸ್ಟರ್ ಕೂಡ ಮುಳುಗುತ್ತದೆ. ಕೊಂಡ ತಿಂಗಳು ಬರೆದ ಚೀಟಿ ಕಟ್ಟಿ ಹಗ್ಗವನ್ನು ಕೊಟ್ಟಿಗೆಯೊಳಗೆ ತೂಗಿಡುತ್ತೇನೆ. ಕೆಲಸಕ್ಕೆ ಮೊದಲು ಹುರಿ ಬಿಡಿಸಿ ಎಳೆ ಉಜ್ಜಿ ನೋಡುವುದು ಕಡ್ಡಾಯ. ಹುಡಿ ಬಂದರೆ ಆ ಹಗ್ಗ ಸೊಪ್ಪಿನ ಹೊರೆ ಕಟ್ಟಲಿಕ್ಕೆ ಮಾತ್ರ, ಮನುಷ್ಯರನ್ನು ಇಳಿಸಲಿಕ್ಕಲ್ಲ.