ಗಣಕಯಂತ್ರ ಹಠಾತ್ತನೆ ಸ್ಥಗಿತಗೊಂಡರೆ

ಗಣಕಯಂತ್ರದ ಬಿಡಿಭಾಗಗಳಿಗೂ ಅದರ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ವರ್ತಿಸುವ ತಂತ್ರಾಂಶವೇ ಡ್ರೈವರ್. ಅನೇಕ ಡ್ರೈವರುಗಳು ವ್ಯವಸ್ಥೆಯ ತಿರುಳಿನಲ್ಲೇ ಕೆಲಸ ಮಾಡುವುದರಿಂದ, ಒಂದರ ದೋಷವು ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸುರಕ್ಷಾ ತಂತ್ರಾಂಶದ ಡ್ರೈವರ್ ದೋಷಯುಕ್ತ ಕಡತವೊಂದರಿಂದ ಕುಸಿದು, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು.

ಆದುದರಿಂದ ಹೊಸ ಬಿಡಿಭಾಗಕ್ಕೆ ಹಣ ವ್ಯಯಿಸುವ ಮುನ್ನ, ತೊಂದರೆಯ ಆರಂಭಕ್ಕೆ ಮೊದಲು ಯಾವ ಡ್ರೈವರ್ ಬದಲಾಗಿತ್ತೆಂಬುದನ್ನು ಪರಿಶೀಲಿಸಿರಿ. ದೋಷದ ಪರದೆಯಲ್ಲಿ ಕಡತದ ಹೆಸರು ಕಂಡರೆ ಬರೆದಿಟ್ಟುಕೊಳ್ಳಿರಿ. ಮುಖ್ಯ ದಾಖಲೆಗಳ ಪ್ರತಿಯನ್ನು ಬೇರೆಡೆ ಉಳಿಸಿರಿ. ಬಳಿಕ ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಆರಿಸಿ ಹಿಂದಿನ ಆವೃತ್ತಿಗೆ ಮರಳಿರಿ. ಹೊಸ ಡ್ರೈವರನ್ನು ತಯಾರಕರಿಂದಲೇ ಪಡೆಯಿರಿ. ಇಷ್ಟಾದರೂ ತೊಂದರೆ ಮುಂದುವರಿದರೆ ಮಾತ್ರ ಮೆಮೊರಿ ಮುಂತಾದ ಬಿಡಿಭಾಗಗಳನ್ನು ತಜ್ಞರಿಂದ ಪರೀಕ್ಷಿಸುವುದು ಉಚಿತ.